ಖಿಡಕಿ ಇಲ್ಲದ ಲ್ಯಾಪ್‌ಟಾಪ್

ಆ ಮೂವತ್ತು ಲ್ಯಾಪ್‌ಟಾಪ್‌ಗಳು ನನ್ನ ಅಂಗಡಿಗೆ ಬಂದಾಗ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಮುಚ್ಚಿಹೋದ ಒಂದು ಕೋಚಿಂಗ್ ಕ್ಲಾಸಿನವು. ಹನ್ನೊಂದು ಇಂಚಿನ ಪರದೆ, ನಾಲ್ಕು ಜಿಬಿ ಮೆಮೊರಿ, ಮೂವತ್ತೆರಡು ಜಿಬಿ ಸ್ಟೋರೇಜು. ಆ ಸ್ಟೋರೇಜನ್ನೂ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದರು, ಬಿಚ್ಚಿ ದೊಡ್ಡದು ಹಾಕೋಣವೆಂದರೆ ದಾರಿಯಿಲ್ಲ. ಅದರ ಬಹುಪಾಲು ಜಾಗವನ್ನು ವಿಂಡೋಸ್ ಒಂದೇ ಹಿಡಿದುಕೊಂಡಿತ್ತು. ಅಪ್‌ಡೇಟ್ ಬಂದರೆ ಇಳಿಸಿಕೊಳ್ಳಲು ಜಾಗ ಸಾಲದೆ ಅರ್ಧಕ್ಕೆ ನಿಲ್ಲುವುದು, ಮತ್ತೆ ಮೊದಲಿನಿಂದ ಶುರುವಾಗುವುದು. ನಾನು ಎಲ್ಲವನ್ನೂ ಅಳಿಸಿ ಲಿನಕ್ಸ್ ಹಾಕಿದೆ. ಕನ್ನಡ, ಮರಾಠಿ ಎರಡೂ ಕೀಲಿಮಣೆ ಜೋಡಿಸಿದೆ. ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ಪರದೆ ತೆರೆದುಕೊಳ್ಳುತ್ತಿತ್ತು. ಖಡೇಬಜಾರದ ಆ ಬದಿಯ ಗಲ್ಲಿಯಲ್ಲಿ ನನ್ನಷ್ಟು ಜಾಣೆ ಬೇರೆ ಯಾರೂ ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಕಾಲೇಜು ಹುಡುಗಿಯರು ಮರುಮಾತಿಲ್ಲದೆ ಒಯ್ದರು. ಅವರಿಗೆ ಬೇಕಾದದ್ದು ಬ್ರೌಸರ್ ಒಂದೇ, ಅದರ ಕೆಳಗೆ ಯಾವ ಆಪರೇಟಿಂಗ್ ಸಿಸ್ಟಂ ಇದೆ ಎಂದು ಬಗ್ಗಿ ನೋಡುವ ಗೋಜಿಗೇ ಹೋಗಲಿಲ್ಲ. ಉಳಿದ ಗಿರಾಕಿಗಳ ಮುಂದೆ ಮಾತ್ರ ನಾನು ಭಾಷಣ ಬಿಗಿಯಬೇಕಾಗುತ್ತಿತ್ತು. ವೈರಸ್ಸಿನ ಕಾಟ ಕಡಿಮೆ, ಬ್ಯಾಟರಿ ಚೆನ್ನಾಗಿ ಬರುತ್ತದೆ, ಹಳೆಯ ಯಂತ್ರಕ್ಕೂ ಜೀವ ಬರುತ್ತದೆ. ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿ, ಕೊನೆಗೆ 'ಅದು ಖರೇ, ಆದ್ರ ವಿಂಡೋಸ್ ಹಾಕಿ ಕೊಡ್ರಿ' ಎನ್ನುವವರು. ಯಾಕೆ ಎಂದರೆ ಉತ್ತರವಿಲ್ಲ. ಒಬ್ಬರು ಕೀಲಿಮಣೆಯ ಮೇಲಿನ ಚಿತ್ರ ತೋರಿಸಿ, ಇಲ್ಲಿ ಅದರ ಗುರುತೇ ಇದೆಯಲ್ಲ, ಒಳಗೆ ಬೇರೇನೋ ಇದ್ದರೆ ಹೇಗೆ ಎಂದು ಕೇಳಿದರು. ಜನರಿಗೆ ತಿಳುವಳಿಕೆ ಕಡಿಮೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ ನಾನು ಕಾಕು ಎಂದು ಕರೆದ ಆ ಹೆಂಗಸು ಬಂದದ್ದು ಒಂದು ಸೋಮವಾರ, ಖಾನಾಪುರದ ಬಸ್ಸಿಳಿದು ನೇರವಾಗಿ. ಕೈಚೀಲದಲ್ಲಿ ಹಳೆಯ ಲ್ಯಾಪ್‌ಟಾಪು, ಸುತ್ತ ಟವೆಲ್ ಸುತ್ತಿತ್ತು. ವಯಸ್ಸು ಐವತ್ತು ದಾಟಿದೆ. ಖಾನಾಪುರದ ಸರಕಾರಿ ಕಚೇರಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಕೂತು ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಆಸ್ತಿ ಪಾಲು ಮಾಡಿಕೊಳ್ಳುವ ವಾಟ್ನಿ ಪತ್ರ ಟೈಪ್ ಮಾಡಿಕೊಡುವ ಕೆಲಸ. ಆ ಶೆಡ್ಡಿನ ನಾಲ್ಕು ಟೇಬಲ್ಲುಗಳಲ್ಲಿ ಹೆಂಗಸು ಅವರೊಬ್ಬರೇ. ಮನೆ ನಡೆಯುವುದೂ ಅದೊಂದು ಟೇಬಲ್ಲಿನಿಂದಲೇ. ಮನೆಮಾತು ಮರಾಠಿ, ಟೈಪ್ ಮಾಡುವುದು ಹೆಚ್ಚಾಗಿ ಕನ್ನಡ. ಹಳೆಯ ಲ್ಯಾಪ್‌ಟಾಪಿನ ಬೋರ್ಡು ಸುಟ್ಟಿತ್ತು, ಡಿಸ್ಕು ಉಳಿದಿತ್ತು. ಹನ್ನೊಂದು ವರ್ಷದ ಪತ್ರಗಳನ್ನೆಲ್ಲ ತೆಗೆದುಕೊಡುತ್ತೇನೆ ಎಂದಾಗ ಅವರ ಮುಖಕ್ಕೆ ಬಣ್ಣ ಬಂತು.

"ದಿನಾ ಬಸ್ಸಿನ್ಯಾಗ ಹೊತ್ಕೊಂಡ ಹೋಗಬೇಕ್ರಿ ಬಾಯಾರ, ಸಣ್ಣದ ಇರಲಿ," ಎಂದರು.

ನನ್ನ ಮೂವತ್ತರಲ್ಲಿ ಉಳಿದಿದ್ದ ಒಂದನ್ನು ಮುಂದಿಟ್ಟೆ. ಕೈಯಲ್ಲಿ ಎತ್ತಿ ಭಾರ ನೋಡಿದರು. ಸಂತೋಷವಾಯಿತು. ಆಮೇಲೆ ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

"ಇದರಾಗ ಖಿಡಕಿ ಕಾಣವಲ್ದಲ್ರಿ?"

ಕಾಕುಗೆ ವಿಂಡೋಸ್ ಅಂದರೆ ಖಿಡಕಿ. ನಾಲ್ಕು ಖಣದ ಆ ಗುರುತು ನೋಡಿ ಅವರೇ ಇಟ್ಟ ಹೆಸರು.

"ಖಿಡಕಿ ಯಾಕ ಬೇಕ್ರಿ ಕಾಕು, ನಾ ಬಾಗ್ಲಾನ ತೆರದ ಇಟ್ಟೇನಿ," ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವರು ನಗಲಿಲ್ಲ. ಆದರೆ ನನ್ನ ಮೇಲೆ ಭರವಸೆಯಿಟ್ಟು ಒಯ್ದರು.

ಮೂರನೆಯ ದಿನ ಫೋನ್ ಬಂತು.

"ಬಾಯಾರ, ನನ್ನ ಬಳ್ಳು ಮರ್ತ ಬಿಟ್ಟಾವ್ರಿ."

"ಬೆರಳಿಗೆ ಏನಾತ್ರಿ?"

"ಬರ್ರಿ ನೀವ. ಫೋನಿನ್ಯಾಗ ಹೇಳಾಕ ಬರೂದಿಲ್ಲ."

ಮರುದಿನ ಅಂಗಡಿ ತೆರೆಯದೆ, ಪೀರನವಾಡಿಯ ನಮ್ಮ ಮನೆಯ ಮುಂದಿನಿಂದಲೇ ಹಾದುಹೋಗುವ ಖಾನಾಪುರದ ಬಸ್ಸಿಗೆ ಕೈ ಮಾಡಿದೆ. ಶೆಡ್ಡು ತಲುಪಿದಾಗ ಕಾಕು ಒಂದು ಅರ್ಜಿಯ ಪ್ರಿಂಟ್ ತೆಗೆದು ನನ್ನ ಮುಂದಿಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ 'ಅಜಿರ್ದಾರರು' ಎಂದಿತ್ತು. ಕೆಳಗೆ 'ಸವೆರ್ ನಂಬರ್'. ಇನ್ನೂ ಕೆಳಗೆ 'ಪೂವರ್ಕ್ಕೆ ರಸ್ತೆ'. ಬಾಜೂ ಟೇಬಲ್ಲಿನ ಅಜ್ಜ ಕನ್ನಡಕ ಮೂಗಿನ ತುದಿಗಿಳಿಸಿ ಅದನ್ನು ಓದಿ, "ಇದ್ಯಾವ ಭಾಷಾ ತಂಗಿ, ಗೋವಾ ಕಡೀದೇನು?" ಎಂದರು. ಶೆಡ್ಡೆಲ್ಲ ನಕ್ಕಿತು. ಕಾಕು ಮಾತ್ರ ಕಣ್ಣು ಕೆಳಗೆ ಹಾಕಿದರು.

ಏನಾಗಿದೆಯೆಂದು ತಿಳಿಯಲು ಅವರ ಕೈಯನ್ನು ಹತ್ತು ನಿಮಿಷ ನೋಡಬೇಕಾಯಿತು. ಕಾಕು ಕಲಿತದ್ದು ಕನ್ನಡ ಟೈಪ್‌ರೈಟರಿನಲ್ಲಿ. ಅವರ ಹಳೆಯ ಟೈಪಿಂಗ್ ತಂತ್ರಾಂಶವೂ ಅದೇ ಕೀಲಿಗಳನ್ನೇ ಇಟ್ಟುಕೊಂಡಿತ್ತು. ಲಿನಕ್ಸಿನಲ್ಲಿಯೂ ಟೈಪ್‌ರೈಟರ್ ವಿನ್ಯಾಸ ಸಿಗುತ್ತದೆ, ನಾನು ಅದನ್ನೇ ಹುಡುಕಿ ಹಾಕಿಕೊಟ್ಟಿದ್ದೆ. ಎಡವಟ್ಟಾದದ್ದು ಅರ್ಕಾವತ್ತಿನಲ್ಲಿ. 'ಅರ್ಜಿ' ಬರೆಯುವಾಗ ನಾವು ಬಾಯಲ್ಲಿ ಮೊದಲು ರಕಾರ ಅನ್ನುತ್ತೇವೆ, ಆದರೆ ಕಾಗದದ ಮೇಲೆ ಅರ್ಕಾವತ್ತು ಜಿ ಆದ ಮೇಲೆ ಬಲಗಡೆ ಕೂರುತ್ತದೆ. ಟೈಪ್‌ರೈಟರಿನವರು ಕಣ್ಣಿಗೆ ಕಾಣುವ ಕ್ರಮದಲ್ಲಿ ಹೊಡೆಯುತ್ತಾರೆ: ಅ, ಜಿ, ಆಮೇಲೆ ಅರ್ಕಾವತ್ತು. ಹೊಸ ವ್ಯವಸ್ಥೆ ಬಾಯಿಯ ಕ್ರಮ ಕೇಳುತ್ತದೆ. ಹೀಗಾಗಿ ಕಾಕು ಹೊಡೆದ ಪ್ರತಿ ಅರ್ಜಿ 'ಅಜಿರ್' ಆಗುತ್ತಿತ್ತು, ಪ್ರತಿ ಪೂರ್ವ 'ಪೂವರ್' ಆಗುತ್ತಿತ್ತು. ಇಪ್ಪತ್ತೈದು ವರ್ಷ ಒಂದು ಕ್ರಮಕ್ಕೆ ಒಗ್ಗಿದ ಬೆರಳಿಗೆ ಈಗ ತಿರುವುಮುರುವು ಮಾಡು ಎಂದರೆ ಅದು ಎಲ್ಲಿಂದ ಕೇಳೀತು!

"ಬಳ್ಳು ಮರ್ತಿಲ್ರಿ ಕಾಕು, ತಪ್ಪ ನನ್ನ ಕೀಲಿಮಣೀದು," ಎಂದೆ. "ಒಂದ ವಾರ ಕೊಡ್ರಿ."

"ವಾರ ಅಂದ್ರ ಹ್ಯಾಂಗ್ರಿ? ಅಲ್ಲೀ ತನಕ ಏನ ಮಾಡ್ಲಿ?"

"ಅರ್ಕಾವತ್ತ ಇಲ್ಲದ ಶಬ್ದ ಹಾಕಿ ಹೊಡೀರಿ."

ತಮಾಷೆಗೆ ಅಂದದ್ದು. ಕಾಕು ಗಂಭೀರವಾಗಿ, "ಸರ್ವೆ ನಂಬರಿಗೆ ಬ್ಯಾರೆ ಶಬ್ದ ಯಾವದೈತ್ರಿ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು.

ಮೊದಲು ಅಡ್ಡದಾರಿ ಹಿಡಿದೆ. ಅವರ ಹಳೆಯ ತಂತ್ರಾಂಶವನ್ನೇ ಲಿನಕ್ಸಿನ ಒಳಗೆ ನಡೆಸಲು ನೋಡಿದೆ. ಅದು ತೆರೆದುಕೊಂಡಿತು, ಮೆನು ಬಂತು, ಕೀಲಿ ಒತ್ತಿದರೆ ಮಾತ್ರ ಇಂಗ್ಲಿಷ್ ಅಕ್ಷರ. ಎರಡು ದಿನ ಅದರ ಬೆನ್ನು ಹತ್ತಿ ಕೈಬಿಟ್ಟೆ. ಆಮೇಲೆ ಕೀಲಿಮಣೆಯ ವಿನ್ಯಾಸವನ್ನೇ ತಿದ್ದಲು ಕೂತೆ. ಲಿನಕ್ಸಿನಲ್ಲಿ ಅದೊಂದು ಸಾದಾ ಪಠ್ಯದ ಕಡತ, ಯಾವ ಕೀಲಿಗೆ ಯಾವ ಅಕ್ಷರ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಅಕ್ಷರ ಒತ್ತಿದ ಕೂಡಲೇ ಅದನ್ನು ಪುಟಕ್ಕೆ ಬಿಡದೆ ಕ್ಷಣ ಹಿಡಿದಿಟ್ಟುಕೊಳ್ಳಬೇಕು; ಮುಂದಿನ ಕೀಲಿ ಅರ್ಕಾವತ್ತಾದರೆ ರಕಾರವನ್ನು ಅದರ ಹಿಂದಕ್ಕೆ ಒಯ್ದು ಇಡಬೇಕು; ಅಲ್ಲವಾದರೆ ಹಾಗೇ ಬಿಡಬೇಕು. ಹೇಳಲು ಇಷ್ಟೇ. ಆದರೆ ಅಕ್ಷರಕ್ಕೆ ಗುಣಿತ ಇರುತ್ತದೆ, ಗುಣಿತದ ಜೊತೆ ಒತ್ತು ಇರುತ್ತದೆ. ಅರ್ಜಿ, ಪೂರ್ವ, ವರ್ಷ ಮೊದಲ ದಿನವೇ ದಾರಿಗೆ ಬಂದವು. ಸಾಮರ್ಥ್ಯ ಮಾತ್ರ ಮೂರು ಸಲ ಮುರಿದುಬಿತ್ತು, ನನ್ನದೂ ಅದರ ಜೊತೆಗೇ. ಐದನೆಯ ದಿನ ಮಧ್ಯಾಹ್ನ ಅದೂ ನೆಟ್ಟಗೆ ನಿಂತಿತು. ಅಂಗಡಿಯಲ್ಲಿ ಒಬ್ಬಳೇ ಇದ್ದೆ, ಚಪ್ಪಾಳೆ ತಟ್ಟಿಕೊಂಡೆ.

ಇನ್ನೊಂದು ತೊಡಕು ಬಾಂಡ್ ಪೇಪರಿನದು. ಮೇಲಿನ ಅರ್ಧ ಮುದ್ರೆಯೇ ತುಂಬಿರುತ್ತದೆ, ಅಕ್ಷರ ಅದರ ಕೆಳಗಿನಿಂದ ಶುರುವಾಗಬೇಕು. ಹೊಸ ಬರಹದ ತಂತ್ರಾಂಶ ಕಾಕುವಿನ ಹಳೆಯ ನಮೂನೆಗಳ ಅಂಚನ್ನು ಎರಡು ಬೆರಳಷ್ಟು ಮೇಲಕ್ಕೆ ಜರುಗಿಸುತ್ತಿತ್ತು. ಸಾದಾ ಹಾಳೆಯ ಮೇಲೆ ಪ್ರಿಂಟ್ ಹೊಡೆದು, ಬಾಂಡಿನ ಮೇಲಿಟ್ಟು ಬೆಳಕಿಗೆ ಹಿಡಿದು, ಅಳೆದು ಅಳೆದು ಸರಿಪಡಿಸಿದೆ. ಎಲ್ಲ ಹೊತ್ತು ಮತ್ತೆ ಖಾನಾಪುರಕ್ಕೆ ಹೋದೆ. ಕಾಕು ಕೂತು ಒಂದು ಪೂರ್ತಿ ಅಫಿಡವಿಟ್ ಹೊಡೆದರು. ಬೆರಳು ಎಲ್ಲಿಯೂ ತಡೆಯಲಿಲ್ಲ.

"ಆತ್ರಿ ಬಾಯಾರ, ಬರೋಬರಿ ಆತು," ಎಂದರು.

ಹಿಗ್ಗಿ ಹೀರೇಕಾಯಿಯಾಗಿ ಬಸ್ ಹತ್ತಿದೆ. ಅವರ ದನಿಯಲ್ಲಿ ಹಿಗ್ಗು ಇರಲಿಲ್ಲ ಎಂಬುದು ಆವತ್ತು ಕಿವಿಗೆ ಬೀಳಲೇ ಇಲ್ಲ.

ಎರಡು ವಾರದ ಮೇಲೆ ಬೇರೊಬ್ಬರ ಪ್ರಿಂಟರ್ ಜೋಡಿಸಲು ಖಾನಾಪುರಕ್ಕೆ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು, ನನ್ನ ಕೀಲಿಮಣೆಯ ವೈಭವ ನೋಡಿಕೊಂಡು ಹೋಗೋಣವೆಂದು ಶೆಡ್ಡಿನ ಕಡೆ ನಡೆದೆ. ಹನ್ನೊಂದರ ಹೊತ್ತು, ಕಚೇರಿಯ ಮುಂದೆ ಜನವೋ ಜನ. ಮೂರು ಟೇಬಲ್ಲುಗಳ ಸುತ್ತ ಗಿರಾಕಿಗಳು ನಿಂತಿದ್ದರು. ಕಾಕುವಿನ ಮುಂದೆ ಒಬ್ಬಳೇ ಒಬ್ಬಳು, ಅವಳೂ ಝೆರಾಕ್ಸ್ ಎಲ್ಲಿ ಎಂದು ಕೇಳಲು ಬಂದವಳು.

"ಕೀಲಿಮಣಿ ಮತ್ತ ಏನರ ತ್ರಾಸ ಕೊಡತೈತೇನ್ರಿ?"

"ಇಲ್ರಿ, ಛಲೋ ಐತಿ."

"ಮತ್ತ?"

"ಏನಿಲ್ರಿ. ಕುಂದರ್ರಿ, ಚಾ ತರಸ್ತೇನಿ."

ಹೇಳುವವರಲ್ಲ ಎಂದು ಗೊತ್ತಾಯಿತು. ನಾನೂ ಹಟದವಳು, ಸ್ಟೂಲ್ ಎಳೆದುಕೊಂಡು ಕೂತೆ. ಚಹಾ ಕುಡಿದೆ, ಊಟಕ್ಕೂ ಏಳಲಿಲ್ಲ. ಮೊದಲ ದಿನವೇ ನೋಡಬೇಕಾಗಿದ್ದದ್ದನ್ನು ಆ ದಿನ ನೋಡಿದೆ.

ಆ ಶೆಡ್ಡಿನಲ್ಲಿ ಪತ್ರ ಒಬ್ಬರ ಕೈಯಲ್ಲೇ ಮುಗಿಯುವುದಿಲ್ಲ. ಯಾರಾದರೂ ಊಟಕ್ಕೋ ಕಚೇರಿಯ ಒಳಗೋ ಹೋಗುವಾಗ ಅರ್ಧ ಹೊಡೆದ ಪತ್ರವನ್ನು ಪೆನ್‌ಡ್ರೈವಿಗೆ ಹಾಕಿ ಬಾಜೂದವರಿಗೆ ಕೊಡುತ್ತಾರೆ, ಬಾಜೂದವರು ಮುಗಿಸುತ್ತಾರೆ. ಗಿರಾಕಿ ಕಾಯುವ ಹಾಗಿಲ್ಲ, ಅವನಿಗೂ ಬಸ್ಸಿರುತ್ತದೆ. ಅಜ್ಜನ ವಿಷಯದಲ್ಲಂತೂ ಅದು ದಿನದ ಪದ್ಧತಿ. ಮಧ್ಯಾಹ್ನವಾದರೆ ಅವರ ಕಣ್ಣು ಮಂಜಾಗುತ್ತದೆ. ಬೆಳಿಗ್ಗೆ ಗಿರಾಕಿಯ ಜೊತೆ ಮಾತಾಡಿ, ಕಾಗದ ನೋಡಿ, ಮೊದಲ ಪುಟ ಹೊಡೆದಿಡುತ್ತಾರೆ. ಮಿಕ್ಕದ್ದು ವರ್ಷಗಳಿಂದ ಕಾಕುವಿನದು. ಕಾಕುವಿನ ಕೆಲಸದಲ್ಲಿ ಅರ್ಧ ಬರುತ್ತಿದ್ದದ್ದು ಹೀಗೆ, ಅಜ್ಜನ ಪೆನ್‌ಡ್ರೈವಿನಿಂದ.

ಮಧ್ಯಾಹ್ನ ಅಜ್ಜ ಕಣ್ಣುಜ್ಜಿಕೊಂಡು ಪೆನ್‌ಡ್ರೈವ್ ಕಿತ್ತರು. ಕೈ ಅಭ್ಯಾಸದಂತೆ ಕಾಕುವಿನ ಕಡೆ ಬಂತು. ಅರ್ಧದಲ್ಲಿ ನೆನಪಾಗಿ, ಆಚೆ ಬಾಜುವಿನವನ ಕಡೆ ತಿರುಗಿತು. ಕಾಕು ಅದನ್ನು ನೋಡಲಿಲ್ಲವೆಂಬಂತೆ ಸೆರಗಿನಿಂದ ಪರದೆಯ ಧೂಳು ಒರೆಸಿದರು.

ನಾನು ಪೆನ್‌ಡ್ರೈವ್ ಕೇಳಿ ತೆಗೆದುಕೊಂಡು ಕಾಕುವಿನ ಲ್ಯಾಪ್‌ಟಾಪಿಗೆ ಹಾಕಿದೆ. ಹಳೆಯ ಅಕ್ಷರವಿನ್ಯಾಸದ, ಅಂದರೆ ಹಳೆಯ ಫಾಂಟಿನ ಕಡತ, ಪರದೆಯ ತುಂಬ ಕೋಳಿ ಕೆದರಿದ ಹಾಗೆ ಇಂಗ್ಲಿಷ್ ಚಿಹ್ನೆಗಳು. ಅದನ್ನು ಹೊಸ ಅಕ್ಷರಕ್ಕೆ ಪರಿವರ್ತಿಸುವ, ಕಾಕುವಿನ ನಮೂನೆಗಳಿಗೂ ಬಳಸಿದ್ದ ಸಾಧನ ನನ್ನಲ್ಲಿತ್ತು, ಅಲ್ಲಿಯೇ ಕೂತು ನಡೆಸಿದೆ, ಕನ್ನಡ ಬಂತು. ಕಾಕು ಎರಡು ಸಾಲು ಸೇರಿಸಿದರು. ಈಗ ಅಜ್ಜನಿಗೆ ತಿರುಗಿ ಕೊಡಬೇಕು, ಗಿರಾಕಿ ಅವರದು, ನೋಡಿ ಪ್ರಿಂಟ್ ತೆಗೆಯುವವರೂ ಅವರೇ. ಮತ್ತೆ ಹಳೆಯದಕ್ಕೆ ಬದಲಿಸಿದರೆ ಆಸ್ತಿಯ ಕೋಷ್ಟಕ ಚದುರಿಹೋಯಿತು, ಎರಡು ಒತ್ತಕ್ಷರ ಕಾಣೆಯಾದವು. ಗಿರಾಕಿ ಗೋಡೆಯ ಗಡಿಯಾರ ನೋಡಿದ. ಆಚೆ ಬಾಜುವಿನವನು ಎದ್ದು ಬಂದು, ಸಭ್ಯವಾಗಿಯೇ, ಪೆನ್‌ಡ್ರೈವ್ ಕಿತ್ತುಕೊಂಡು ಹೋದ. ಹದಿನೈದು ದಿನದಿಂದ ಹೀಗೇ ನಡೆದಿದೆ ಎಂದು ಆಗ ತಿಳಿಯಿತು. ಇನ್ನೊಂದು ತಿಂಗಳು ಹೀಗೇ ಹೋದರೆ ಗಿರಾಕಿಗಳೂ ಅಜ್ಜನೂ ಆ ಹೊಸ ರೂಢಿಗೆ ಬೀಳುತ್ತಾರೆ, ಕಾಕುವಿನ ಟೇಬಲ್ಲು ಹೆಸರಿಗಷ್ಟೇ ಉಳಿಯುತ್ತದೆ.

ನನ್ನ ಹಟ ಇನ್ನೂ ಸೋತಿರಲಿಲ್ಲ. ಅಜ್ಜನ ಹತ್ತಿರ ಹೋದೆ.

"ಅಜ್ಜಾರ, ನಿಮ್ಮ ಲ್ಯಾಪ್‌ಟಾಪಿಗೂ ಇದನ್ನ ಹಾಕಿ ಕೊಡತೇನ್ರಿ. ಕೀಲಿ ಎಲ್ಲಾ ಮೊದಲಿನಂಗ ಇರತಾವು. ಅಕ್ಷರ ದೊಡ್ಡೂ ಮಾಡಿ ಕೊಡತೇನಿ, ಕಣ್ಣಿಗೂ ಛಲೋ."

ಅಜ್ಜ ಬೈಯಲಿಲ್ಲ. ಯೋಚನೆ ಮಾಡಿದರು.

"ಹಾಕಸ್ಕೋತೇನಿ ಯವ್ವಾ, ತಂಗಿ ಸಲುವಾಗಿ ಹಾಕಸ್ಕೋತೇನಿ. ಆದ್ರ ನನ್ನ ಆಚೀ ಬಾಜು ಅಂವ ಅದಾನ. ಅಂವಾ ಹಾಕಸ್ಕೋಬೇಕು. ಅವನ ಬಾಜೂದಂವಗ ವಕೀಲರ ಆಫೀಸಿನಿಂದ ಪತ್ರ ಬರತಾವು, ಅವರೂ ಹಾಕಸ್ಕೋಬೇಕು. ನೀ ಎಲ್ಲೀ ತನಕಾ ಹೋಗ್ತಿ?"

ಅಂಗಡಿಯಲ್ಲಿ 'ಅದು ಖರೇ, ಆದ್ರ' ಎನ್ನುತ್ತಿದ್ದವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಅವರೇನೂ ದಡ್ಡರಾಗಿರಲಿಲ್ಲ. ಯಾರೂ ಒಂದು ಯಂತ್ರವನ್ನಷ್ಟೇ ಕೊಳ್ಳಲು ಬಂದಿರಲಿಲ್ಲ. ಕೆಟ್ಟರೆ ಯಾರನ್ನು ಕೇಳಲಿ, ಕಡತ ಯಾರಿಗೆ ಕೊಡಲಿ, ನನಗೆ ಬಾರದ್ದನ್ನು ಯಾರು ಮಾಡಿಕೊಟ್ಟಾರು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ಅದನ್ನು ಹೇಳಲು ಅವರಿಗೆ ಮಾತು ಸಿಗುತ್ತಿರಲಿಲ್ಲ, ನನಗೆ ಕೇಳುವ ತಾಳ್ಮೆ ಇರಲಿಲ್ಲ. ವೇಗ, ವೈರಸ್ಸು, ಬ್ಯಾಟರಿ ಎಂದು ನಾನು ಹೇಳುತ್ತಿದ್ದದ್ದರಲ್ಲಿ ಒಂದೂ ಸುಳ್ಳಲ್ಲ, ಆದರೆ ಒಂದರಲ್ಲಿಯೂ ಬಾಜೂದವರು ಇರಲಿಲ್ಲ.

ಖಿಡಕಿ ಎಲ್ಲಿ ಎಂದು ಕಾಕು ಮೊದಲ ದಿನವೇ ಬಾಯಿಬಿಟ್ಟು ಕೇಳಿದ್ದರು. ನಾನು ಜೋಕು ಮಾಡಿದ್ದೆ. ಬಸ್ಸಿನಲ್ಲಿ ಕೂತಾಗ ಅದು ನೆನಪಾಗಿ ಕಸಿವಿಸಿಯಾಯಿತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಐದು ದಿನದ ಕೀಲಿಮಣೆಯ ಕೆಲಸವನ್ನು ಅಳಿಸಬೇಕಲ್ಲ ಎಂಬ ಸಂಕಟವೂ ಇತ್ತು, ಸುಳ್ಳೇಕೆ ಹೇಳಲಿ. ನಾನು ಮಾಡಿದ ಕೆಲಸಗಳಲ್ಲೇ ಅದು ಚೆಂದದ್ದು.

ಆ ಮೂವತ್ತೆರಡು ಜಿಬಿಯ ಯಂತ್ರಕ್ಕೆ ವಿಂಡೋಸ್ ಹಾಕಿಕೊಟ್ಟರೆ ಆರು ತಿಂಗಳೊಳಗೆ ಮತ್ತೆ ಉಸಿರು ಕಟ್ಟುತ್ತಿತ್ತು. ನಾನು ದಿನಾ ಬಳಸುತ್ತಿದ್ದ ಲ್ಯಾಪ್‌ಟಾಪೊಂದು ಇತ್ತು. ಅದೂ ಸಣ್ಣದೇ, ಒಂದು ಇಂಚು ದೊಡ್ಡದು. ಆದರೆ ಒಳಗಿನ ಸ್ಟೋರೇಜ್ ಬದಲಿಸಬಹುದಾದದ್ದು, ಮೆಮೊರಿ ಎಂಟು ಜಿಬಿ. ಅದರಿಂದ ನನ್ನದನ್ನೆಲ್ಲ ತೆಗೆದೆ, ವಿಂಡೋಸ್ ಹಾಕಿದೆ. ಕಾಕುವಿನ ಹಳೆಯ ಟೈಪಿಂಗ್ ತಂತ್ರಾಂಶ, ಅವರ ಅಕ್ಷರವಿನ್ಯಾಸ, ಹನ್ನೊಂದು ವರ್ಷದ ಕಡತಗಳು ಮೊದಲಿನ ಫೋಲ್ಡರಿನಲ್ಲಿಯೇ, ಮೊದಲಿನ ಹೆಸರಿನಲ್ಲಿಯೇ. ಈ ಸಲ ನನ್ನ ಬುದ್ಧಿವಂತಿಕೆಯನ್ನು ಒಂದು ಚೂರೂ ಸೇರಿಸಲಿಲ್ಲ. ಅಜ್ಜನಿಗೆ ಫೋನ್ ಮಾಡಿ ಅವರ ಒಂದು ಹಳೆಯ ಪತ್ರವನ್ನು ಮೊಬೈಲಿಗೆ ತರಿಸಿಕೊಂಡು ತೆರೆದು ನೋಡಿದೆ. ಅಂಚು, ಕೋಷ್ಟಕ, ಒತ್ತು ಎಲ್ಲ ಇದ್ದಲ್ಲೇ ಇದ್ದವು. ಆಮೇಲೆ ಹೊರಟೆ.

"ಇದು ನಿಮ್ದಲ್ರಿ ಬಾಯಾರ? ಟೇಬಲ್ಲಿನ ಮ್ಯಾಲ ನೋಡಿದ್ನಿ," ಎಂದರು ಕಾಕು.

"ಈಗ ನಿಮ್ದು. ಅದನ್ನ ನನಗ ಕೊಡ್ರಿ, ನನ್ನ ಕೆಲಸಕ್ಕ ಸಾಕದು."

ಅವರು ಕೂತರು. ಗುಂಡಿ ಒತ್ತಿದರು. ತೆರೆದುಕೊಳ್ಳಲು ತುಸು ಹೊತ್ತು ಹಿಡಿಯಿತು, ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ಆ ಮಧ್ಯಾಹ್ನ ಅಜ್ಜನ ಮುಂದೆ ಒಂದು ವಾಟ್ನಿ ಪತ್ರವಿತ್ತು. ಅಕ್ಕತಂಗಿಯರಿಬ್ಬರು ಬೆಂಚಿನ ಮೇಲೆ ಕೂತಿದ್ದರು. ಅಜ್ಜ ಕನ್ನಡಕ ತೆಗೆದು, ಪೆನ್‌ಡ್ರೈವ್ ಕಿತ್ತು, ಕಾಕುವಿನ ಟೇಬಲ್ಲಿನ ಮೇಲಿಟ್ಟು ಕಣ್ಣು ಮುಚ್ಚಿ ಒರಗಿದರು.

ಕಡತ ತೆರೆಯಿತು. ಜಮೀನಿನ ಗಡಿ ಬರೆಯುವ ಕಡೆ ಅಜ್ಜ ನಿಲ್ಲಿಸಿದ್ದರು. ಪೂರ್ವ ಮುಗಿದಿತ್ತು, ಪಶ್ಚಿಮಕ್ಕೆ ಎಂದಷ್ಟೇ ಇತ್ತು.

"ಪಶ್ಚಿಮಕ್ಕ ಯಾರ ಹೊಲಾ ಬರತೈತಿ ಬೇ?" ಕಾಕು ಬೆಂಚಿನ ಕಡೆ ತಿರುಗಿ ಕೇಳಿದರು.

"ಈಕೀದ," ಎಂದು ದೊಡ್ಡಾಕೆ ತಂಗಿಯನ್ನು ತೋರಿಸಿದಳು.

ಕಾಕು ಹೊಡೆಯತೊಡಗಿದರು. ನಾನು ಹಿಂದೆ ನಿಂತು ನೋಡಿದೆ. ಬೆರಳುಗಳ ಓಟ ನನ್ನ ಕೀಲಿಮಣೆಯಲ್ಲಿ ಇದ್ದಷ್ಟೇ ಇತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಂದು ಪುಟ ಮುಗಿಸಿದ ಮೇಲೆ, ತಲೆ ಎತ್ತದೆಯೇ, ನನಗೆ ಬೇಜಾರಾದೀತೆಂದು ದನಿ ತಗ್ಗಿಸಿ ಅಂದರು:

"ನೀವು ಮಾಡಿ ಕೊಟ್ಟಿದ್ದು ಛಲೋನ ಇತ್ರಿ ಬಾಯಾರ. ಆದ್ರ ಅದರಾಗ ನಾ ಒಬ್ಬಾಕೀನ ಇದ್ನಿ."